ಬಳೆಬಾಲದವರಿಗೆ ‘ಬಾ’ ಕಲಿಸಿದ ವರ್ಷ

ಮೊನ್ನೆ ಮಾನಂತವಾಡಿ ಪೇಟೆಯಲ್ಲಿ ಹೆಂಗಸೊಬ್ಬಳು ಹುಣಸೆ ಚಿಗುರು ಮಾರುತ್ತಾ ಕೂತಿದ್ದಳು. ನಮ್ಮ ಈ ಕಡೆ ಹುಣಸೆ ಮರ ಅಪರೂಪ. ಗಡಿಯ ಬಾವಲಿ ಊರು ದಾಟಿ ಹೆಗ್ಗಡದೇವನಕೋಟೆಯ ಕಡೆಗೆ ಹೋದರೆ ರಸ್ತೆಗುಂಟ ಸಿಗುತ್ತವೆ. ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ಹಿಡಿದೆ. ಆ ಎಳೆ ಹುಳಿಯ ವಾಸನೆಗೆ ಬೇರೆಯವರಿಗೆ ಚಟ್ನಿಯೋ ಸಾರೋ ನೆನಪಾಗಬೇಕು. ನನಗೆ ಗೌರಿ ನೆನಪಾದಳು. ಕಪ್ಪು ಮೂತಿ, ಅರಿಸಿನಕ್ಕೆ ಒಂದಿಷ್ಟು ಕುಂಕುಮ ಕಲಸಿದಂಥ ಕಣ್ಣು, ನೆಟ್ಟಗೆ ಎತ್ತಿ ಹಿಡಿದ ಉದ್ದ ಬಾಲ. ಆ ಬಾಲದ ತುಂಬ ಕಪ್ಪು ಬಿಳುಪು ಪಟ್ಟೆ, ಮದುಮಗಳ ಕೈಗೆ ಬಳೆ ಏರಿಸಿದ ಹಾಗೆ.

“ಏನಕ್ಕೋ, ಮೂಸ್ಕಂಡೇ ಹೊಟ್ಟೆ ತುಂಬುಸ್ಕತೀಯಾ, ಇಲ್ಲ ತಗತೀಯಾ?” ಎಂದಳು ಮಾರುವವಳು.

“ತಗತೀನಿ ಕಣವ್ವ. ಇದ್ದಷ್ಟೂ ಕಟ್ಟು.”

ಮನೆಗೆ ಬಂದು ಚಿಗುರು ಬಿಡಿಸುತ್ತಾ ಕೂತಾಗ ಆ ಒಂದು ವರ್ಷವೆಲ್ಲ ಒಂದೊಂದಾಗಿ ಬಂತು. ಬರೆದಿಡಬೇಕು ಅನ್ನಿಸಿತು. ಹೆಮ್ಮೆಯ ಮಾತನ್ನು ತಾನೇ ಹೇಳಿಕೊಳ್ಳಬಾರದು ಅನ್ನುತ್ತಾರೆ. ಆದರೂ ಹೇಳುತ್ತೇನೆ, ದೇವರು ತಪ್ಪು ತಿಳಿಯುವುದಿಲ್ಲ.

ಅವುಗಳ ಹೆಸರು ಲೆಮೂರ್. ನಮ್ಮ ದೇಶದ ಪ್ರಾಣಿಯೇ ಅಲ್ಲ. ಸಮುದ್ರದಾಚೆ ಮಡಗಾಸ್ಕರ್ ಎಂಬ ದ್ವೀಪದಲ್ಲಿರುವಂಥವು. ಉಳ್ಳವರು ಮನೆಯಲ್ಲಿ ಸಾಕುವ ಹುಚ್ಚಿಗೆ ಕದ್ದು ತರಿಸುತ್ತಾರಂತೆ. ಹಾಗೆ ಟೊಮೆಟೊ ಕ್ರೇಟುಗಳ ಕೆಳಗೆ ಮುಚ್ಚಿಟ್ಟು ಸಾಗಿಸುವಾಗ ಗಡಿಯ ಚೆಕ್‌ಪೋಸ್ಟಿನಲ್ಲಿ ಸಿಕ್ಕಿದವು ಇವು. ವಾಪಸ್ ಕಳಿಸೋಣವೆಂದರೆ ಯಾರ ಕೈಯಿಂದ, ಯಾವ ದಾರಿಯಲ್ಲಿ ಬಂದವೋ ಗೊತ್ತಿಲ್ಲ; ನಮ್ಮ ಕಾಡಿಗೆ ಬಿಟ್ಟುಬಿಡೋಣವೆಂದರೆ ಪರದೇಶದ ಪ್ರಾಣಿಯನ್ನು ಹಾಗೆ ಬಿಡುವಂತಿಲ್ಲ. ಅದಕ್ಕೆ ತೋಲ್ಪೆಟ್ಟಿಯಿಂದ ಸ್ವಲ್ಪ ಒಳಗೆ, ಕಾಡಿನ ಅಂಚಿನಲ್ಲಿರುವ ಪ್ರಾಣಿಗಳ ಆಶ್ರಯಕ್ಕೆ ತಂದಿಟ್ಟರು. ನಾವೆಲ್ಲ ಅದನ್ನು ಶೆಲ್ಟರ್ ಅನ್ನುವುದು. ಅಲ್ಲಿ ಕಾಡಿನದೇ ಒಂದು ತುಂಡಿಗೆ ಸುತ್ತಲೂ ಎತ್ತರದ ಸೋಲಾರ್ ಬೇಲಿ ಹಾಕಿದ್ದಾರೆ. ಮಳೆಗಾಲದಲ್ಲಿ ಬಳೆಬಾಲದವರಿಗೆ ಬೆಚ್ಚಗಿನ ಕೋಣೆ. ಮಳೆ ಕಡಿಮೆಯಾದ ಮೇಲೆ, ಮತ್ತೆ ಮಳೆ ಹಿಡಿಯುವವರೆಗೆ, ಹಗಲೆಲ್ಲ ಆ ಬೇಲಿಯೊಳಗಿನ ಕಾಡು. ನಿಜವಾದ ಮರ, ನಿಜವಾದ ಮಣ್ಣು.

ಆದರೆ ನಾನು ಅಲ್ಲಿಗೆ ಸೇರುವ ಹಿಂದಿನ ವರ್ಷ ಹಾಗೆ ಬಿಟ್ಟಾಗ ಕೆಟ್ಟದ್ದಾಗಿತ್ತು. ಮಧ್ಯಾಹ್ನದ ಮೇಲೆ ತುಲಾಮಳೆ, ಅಂದರೆ ಹಿಂಗಾರು ಮಳೆ, ಗುಡುಗಿಕೊಂಡು ಬಂದಿದೆ. ಕೆಳಗಿನಿಂದ ಎಲ್ಲರೂ ಕೂಗಿದ್ದಾರೆ, ಬಾಳೆಹಣ್ಣು ತೋರಿಸಿದ್ದಾರೆ, ಒಂದೂ ಇಳಿದಿಲ್ಲ. ರಾತ್ರಿಯೆಲ್ಲ ನೆನೆದು, ಎದೆಗೆ ಕಫ ಕಟ್ಟಿ, ಗೌರಿಯ ಒಬ್ಬ ಮಗಳು ಸತ್ತುಹೋದಳು. ಆವಾಗ ಇಲಾಖೆಯ ಮೇಲಧಿಕಾರಿ, ಅವರನ್ನು ದೊಡ್ಡ ಸಾರ್ ಅನ್ನುತ್ತಿದ್ದೆವು, ಕಡ್ಡಿ ಮುರಿದಂತೆ ಹೇಳಿದರಂತೆ: ಇನ್ನು ಮುಂದೆ ಕರೆದರೆ ಬರುವುದಾದರೆ ಮಾತ್ರ ಆಚೆ ಬಿಡಿ. ನನ್ನ ಕಣ್ಣೆದುರು ಕರೆದು ತೋರಿಸಿ. ಆಗದಿದ್ದರೆ ಪಟ್ಟಣದ ಝೂ ಒಂದು ಇಟ್ಟುಕೊಳ್ಳಲು ಒಪ್ಪಿದೆ, ಕಳಿಸಿಬಿಡೋಣ. ಆ ಝೂನಲ್ಲಿರುವುದು ಸಿಮೆಂಟಿನ ಕೋಣೆ, ಮುಂದೆ ಕಂಬಿ. ಮರ ಹತ್ತುವ ಜೀವಕ್ಕೆ ಅಲ್ಲಿ ಮರವೇ ಇಲ್ಲ.

ಇಂಥ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋದದ್ದು. ನಾನು ಮದುವೆಯಾಗಿ ಹೆಗ್ಗಡದೇವನಕೋಟೆ ಕಡೆಯಿಂದ ತೋಲ್ಪೆಟ್ಟಿಗೆ ಬಂದವಳು. ಒಲೆ, ದೇವರ ಕೋಣೆ, ಹಿತ್ತಲು, ಇಷ್ಟೇ ನನ್ನ ಲೋಕ. ನಮ್ಮ ಯಜಮಾನರದ್ದು ರಸ್ತೆ ಬದಿಯ ಹಣ್ಣು ತರಕಾರಿ ಅಂಗಡಿ. ಶೆಲ್ಟರಿಗೂ ಅಲ್ಲಿಂದಲೇ ಹೋಗುತ್ತಿತ್ತು. ಪ್ರಾಣಿಗಳ ಅಡಿಗೆಮನೆ ನೋಡಿಕೊಳ್ಳುತ್ತಿದ್ದ ಲಿಸ್ಸಿ ಹೆರಿಗೆಗೆಂದು ಪಯ್ಯಂಪಳ್ಳಿಯ ತವರಿಗೆ ಹೋದಾಗ, ಅಲ್ಲಿನ ಪ್ರಾಣಿವೈದ್ಯೆ ಡಾಕ್ಟರ್ ಅಂಜು ಅಂಗಡಿಗೇ ಬಂದು ಕೇಳಿದರು.

“ಸರೋಜೇಚಿ ಬರ್ತಾರಾ? ಸೊಪ್ಪು ತರಕಾರಿ ಹೆಚ್ಚೋ ಕೆಲಸ. ಲಿಸ್ಸಿ ತಿರುಗಿ ಬರೋವರೆಗೆ.” ಅವರು ಕೇಳಿದ್ದು ಮಲಯಾಳದಲ್ಲಿ, ಚೇಚಿ ಎಂದರೆ ಅಕ್ಕ. ಮನೆಯಲ್ಲಿ ಕನ್ನಡ, ಹೊರಗೆ ಮಲಯಾಳ, ನಮಗೆ ಎರಡೂ ಒಂದೇ ನಾಲಿಗೆಯ ಮೇಲಿರುವುದರಿಂದ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಯಜಮಾನರು ನಕ್ಕರು. “ಇವ್ಳಾ ಡಾಕ್ಟ್ರೇ? ಗೋಡೆ ಮೇಲಿಂದ ಹಲ್ಲಿ ಬಿದ್ರೆ ಪಂಚಾಂಗ ತೆಗೆಯೋಳು.”

“ಪಂಚಾಂಗ ತೆಗೆದಿದ್ದಕ್ಕೇ ನಿಮ್ಮನೆ ನೆಟ್ಟಗಿರೋದು” ಎಂದೆ. ಅವರು ನಗದೇ ಇದ್ದಿದ್ದರೆ ನಾನು ಒಪ್ಪುತ್ತಿದ್ದೆನೋ ಇಲ್ಲವೋ.

ಮಾರನೆಯ ದಿನ ಸ್ನಾನ ಮಾಡಿ, ದೀಪ ಹಚ್ಚಿ, ನಂಜುಂಡೇಶ್ವರನಿಗೆ ಕೈಮುಗಿದು ಹೋದೆ. ಆಷಾಢದ ಮಳೆ, ಇಲ್ಲಿಯವರ ಕರ್ಕಾಟಕದ ಮಳೆ, ಧೋ ಎಂದು ಸುರಿದು ಆಗತಾನೇ ಒಂದು ಗಳಿಗೆ ಬಿಟ್ಟಿತ್ತು. ಕೋಣೆಯ ಮುಂದಿನ ಜಾಲರಿಯಿಂದ ಒಂದಿಷ್ಟು ಬಿಸಿಲು ಒಳಗೆ ಬಿದ್ದಿತ್ತು. ಆ ಬಿಸಿಲಿನ ತುಂಡಿನಲ್ಲಿ ಬಳೆಬಾಲದವರು ಐದೂ ಜನ ಸಾಲಾಗಿ ಕೂತಿದ್ದರು. ಚಕ್ಕಳಮಕ್ಕಳ ಹಾಕಿದ ಹಾಗೆ ಕಾಲು ಬಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೊಣಕಾಲ ಮೇಲಿಟ್ಟು, ಹೊಟ್ಟೆ ಎದೆಯೆಲ್ಲ ಸೂರ್ಯನಿಗೆ ಒಡ್ಡಿ, ಕಣ್ಣು ಅರೆಮುಚ್ಚಿ. ನಾನು ಪಾತ್ರೆ ಕೆಳಗಿಟ್ಟುಬಿಟ್ಟೆ.

“ಏನಕ್ಕಾ, ಹೆದ್ರುದ್ಯಾ?” ಎಂದು ಕೇಳಿದ ಬೊಮ್ಮಣ್ಣ. ಅವನು ಅಲ್ಲಿಯ ಕೀಪರ್, ಹತ್ತಿರದ ಕಾಡಿನ ಗಿರಿಜನರ ಹಾಡಿಯವನು. ಅವರ ಮಾತು ನಮ್ಮ ಕನ್ನಡಕ್ಕೆ ದಾಯಾದಿ.

“ಹೆದ್ರಿಕೆ ಅಲ್ಲ ಬೊಮ್ಮಣ್ಣ. ಪೂಜೆ ಮಾಡ್ತಾ ಕೂತವೆ, ಮಧ್ಯ ಹೋಗಬಾರದು.”

“ಚಳಿ ಕಾಯುಸ್ಕೊತಾ ಅವೆ ಕಣಕ್ಕಾ!”

“ಚಳಿ ಕಾಸ್ಕೊಳ್ಳೋಕೆ ಬೆನ್ನು ಒಡ್ಡುದ್ರೂ ಆಯ್ತದೆ. ಮುಖ ಯಾಕೆ ಆ ಕಡೆಗೆ?” ಎಂದೆ. ಅವತ್ತಿನಿಂದ ಭಯ ಎಂಬುದು ನನ್ನ ಹತ್ತಿರ ಸುಳಿಯಲಿಲ್ಲ.

ಅವರಲ್ಲಿ ಹಿರಿಯಳು ಗೌರಿ. ಹೆಸರಿಟ್ಟವಳು ನಾನೇ. ಡಾಕ್ಟರಮ್ಮನ ಲೆಕ್ಕದಲ್ಲಿ ಅವುಗಳಿಗೆ ಬರೀ ನಂಬರು. ಗೌರಿಗೆ ಉಳಿದ ಕಿರಿ ಮಗಳು ಚಿನ್ನಿ. ಮತ್ತೆ ಗೌರಿಯ ತಂಗಿಯಂಥ ಒಬ್ಬಳು, ಇಬ್ಬರು ಗಂಡಸರು. ದಪ್ಪಗಿನ ಗಂಡಸಿಗೆ ಭೀಮ ಎಂದು ಹೆಸರಿಟ್ಟೆ, ಆದರೆ ಹೆಸರಿಗಷ್ಟೇ. ಗೌರಿ ಉಂಡೇಳುವವರೆಗೆ ಭೀಮ ತಟ್ಟೆ ಮುಟ್ಟುವಂತಿಲ್ಲ. ಮುಟ್ಟಿದರೆ ಗೌರಿ ಕೆನ್ನೆಗೆ ಬಿಡುವಳು. ಇವರ ಜಾತಿಯಲ್ಲಿ ಹೆಂಗಸರದ್ದೇ ದರಬಾರು ಎಂದು ಡಾಕ್ಟರಮ್ಮ ಹೇಳಿದಾಗ ಮನೆಗೆ ಬಂದು ಯಜಮಾನರಿಗೆ ಹೇಳಿದೆ. “ಹಂಗಾರೆ ನಾನೂ ಲೆಮೂರೇ ಬಿಡು” ಎಂದರು.

ಆಚೆ ಬಿಡುವುದೆಂದರೆ ಬಾಗಿಲು ತೆಗೆಯುವುದು ಎಂದುಕೊಂಡಿದ್ದೆ. ಹಾಗಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ, ತಿಂಗಳುಗಟ್ಟಲೆ ತಯಾರಿ. ಕದ್ದು ತಂದವರು ಬಿಸ್ಕತ್ತು ಬ್ರೆಡ್ಡು ತಿನ್ನಿಸಿ ಕೆಡಿಸಿದ್ದ ಹೊಟ್ಟೆ ಅವು. ಬಾಳೆಹಣ್ಣು ದಿನದಿನಕ್ಕೆ ಕಡಿಮೆ ಮಾಡಿ ಸೊಪ್ಪು ಹೆಚ್ಚು ಮಾಡಬೇಕು. ನುಗ್ಗೆ ಸೊಪ್ಪು, ಹಿಪ್ಪುನೇರಳೆ, ದಾಸವಾಳದ ಎಲೆ ಹೂವು. ನಮ್ಮ ಹಿತ್ತಲಿನ ದಾಸವಾಳದಲ್ಲಿ ದೇವರಿಗೊಂದು ಪಾಲು, ಗೌರಿಗೊಂದು ಪಾಲು. ದೇವರ ಪಾಲೇ ಸಣ್ಣದಾಗುತ್ತಾ ಬಂತು, ಅವನು ಏನೂ ಅನ್ನಲಿಲ್ಲ. ಅವರ ದ್ವೀಪದಲ್ಲಿ ಹುಣಸೆ ಮರವೆಂದರೆ ಪ್ರಾಣವಂತೆ. ಡಾಕ್ಟರಮ್ಮ ಹಾಗಂದ ಮೇಲೆ ನನ್ನ ಅಣ್ಣ ಕೋಟೆಯಿಂದ ತರಕಾರಿ ಗಾಡಿಯಲ್ಲಿ ಹುಣಸೆ ಸೊಪ್ಪಿನ ಕಂತೆ ಕಳಿಸತೊಡಗಿದ. ಮೊದಲ ಕಂತೆ ಬಿಚ್ಚಿದ ದಿನ ಗೌರಿ ಒಂದು ರೆಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮೂಸುತ್ತಿದ್ದಳು, ತಿನ್ನಲೇ ಇಲ್ಲ. ತವರಿನ ವಾಸನೆ ಯಾರಿಗೆ ಗೊತ್ತಾಗುವುದಿಲ್ಲ?

ಅತ್ತ ಡಾಕ್ಟರಮ್ಮ ಮೇವನ್ನು ದಿನಕ್ಕೊಂದು ಎತ್ತರಕ್ಕೆ ಕಟ್ಟಿಸಿ, ಬಿದಿರಿನ ಕೊಳವೆಯೊಳಗೆ ತುಂಬಿಸಿ, ಸೋಮಾರಿ ಕೈಕಾಲುಗಳಿಗೆ ಕೆಲಸ ಕಲಿಸಿದರು. ರಕ್ತ ನೋಡಿದರು, ಹಿಕ್ಕೆ ನೋಡಿದರು, ಉಣ್ಣಿ ಹುಡುಕಿದರು. ಬೊಮ್ಮಣ್ಣ ಬೇಲಿಯೊಳಗಿನ ಕಾಡೆಲ್ಲ ಸುತ್ತಿ ಲಂಟಾನ, ಉಮ್ಮತ್ತಿಯಂಥ ವಿಷದ ಗಿಡ ಕಿತ್ತು ಹಾಕಿದ. ಬೇಲಿಗೆ ತಾಗುವ ಕೊಂಬೆ ಕಡಿದ. ಎಲ್ಲ ಸರಿಹೋಗುತ್ತಾ ಬಂತು. ಸರಿಹೋಗದೇ ಇದ್ದದ್ದು ಅದೊಂದೇ, ಕರೆದರೆ ಬರುವುದು.

ಡಾಕ್ಟರಮ್ಮ ಮೊದಲು ಪೀಪಿ ಊದಿ ಕಲಿಸಲು ನೋಡಿದರು. ಊದುವುದು, ಬಂದವರಿಗೆ ಒಣದ್ರಾಕ್ಷಿ ಕೊಡುವುದು. ಆದರೆ ನಮ್ಮ ಹಳ್ಳದ ಬದಿಯಲ್ಲಿ ಥೇಟ್ ಮನುಷ್ಯರ ಹಾಗೆ ಸಿಳ್ಳೆ ಹಾಕುವ ಹಕ್ಕಿಯೊಂದಿದೆ. ಅದು ಕೂಗಿದಾಗಲೆಲ್ಲ ಐವರೂ ಓಡಿ ಬಂದು ಕೈ ಚಾಚುವರು, ಬರಿಗೈ ನೋಡಿ ಹೋಗುವರು. ಕೊನೆಗೆ ಪೀಪಿಗೂ ಬೆಲೆ ಇಲ್ಲವಾಯಿತು. ಆಮೇಲೆ ಗಂಟೆ ಬಾರಿಸಿದರು. ಹಾಡಿಯ ದನಗಳ ಕೊರಳಲ್ಲೂ ಗಂಟೆ.

ಇತ್ತ ನಾನು ತಟ್ಟೆ ಹಿಡಿದು ಒಳಗೆ ಹೋಗುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಬೀದಿಯಲ್ಲಿ ಆಡುವ ಮಕ್ಕಳನ್ನು ಊಟಕ್ಕೆ ಕರೆಯುವ ಹಾಗೆ “ಬಾ…” ಎಂದು ರಾಗವಾಗಿ ಎಳೆಯುವುದು ನನ್ನ ರೂಢಿ. ಒಂದು ದಿನ ತಟ್ಟೆ ಇಲ್ಲದೆ ಹೋಗಿದ್ದೆ, ನೆಲ ಒರೆಸಲು. ಬಾಯಿಗೆ ಬಂದದ್ದು ಬಂತು, “ಬಾ…” ಐದು ತಲೆಯೂ ತಿರುಗಿದವು. ಮೇಲಿನ ಹಲಗೆಯಿಂದ ದುಡುದುಡು ಇಳಿದು ಬಂದವು.

ಡಾಕ್ಟರಮ್ಮ ಜಾಲರಿಯಾಚೆ ನಿಂತು ನೋಡುತ್ತಿದ್ದರು. “ಚೇಚೀ, ಇನ್ನೊಂದ್ಸಲ ಅನ್ನಿ.”

“ಏನು?”

“ಅದೇ, ಈಗ ಅಂದಿರಲ್ಲ.”

ಅಂದೆ. ಅವರ ಮುಖ ಅರಳಿತು. ಇಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕರೆಯುವುದು ಮಲಯಾಳದಲ್ಲಿ, ‘ವಾ’ ಎಂದು, ಅಂದರು. ‘ಬಾ’ ಅನ್ನುವವರು ನೀವು, ಬೊಮ್ಮಣ್ಣ ಇಬ್ಬರೇ. ಹಕ್ಕಿ ಅನ್ನುವುದಿಲ್ಲ, ದನ ಅನ್ನುವುದಿಲ್ಲ. ಇದೇ ನಮ್ಮ ಕರೆ ಎಂದು ಅಲ್ಲೇ ತೀರ್ಮಾನ ಮಾಡಿದರು. ನನ್ನ ಅಮ್ಮನ ಬಾಯಿಂದ ಕಲಿತ ಒಂದಕ್ಷರ ಸರ್ಕಾರಿ ಕೆಲಸಕ್ಕೆ ಬಂತಲ್ಲ ಎಂದು ನನಗೆ ಎಂಥ ಖುಷಿ!

ಜೊತೆಗೆ ಕಟ್ಟುನಿಟ್ಟೂ ಬಂತು. ಶೆಲ್ಟರಿನ ಗೇಟಿನೊಳಗೆ ಯಾರೂ, ಯಾವ ಕಾರಣಕ್ಕೂ, ಸುಮ್ಮನೆ ‘ಬಾ’ ಅನ್ನಕೂಡದು. ಅಂದರೆ ದ್ರಾಕ್ಷಿ ಕೊಡಲೇಬೇಕು. “ಒಂದ್ಸಲ ಕರೆದು ಬರಿಗೈ ತೋರಿಸಿದ್ರೆ ಆ ಮಾತು ಸತ್ತ ಹಾಗೆ” ಎಂದರು ಡಾಕ್ಟರಮ್ಮ. ಅದು ನನಗೆ ಬೇಗ ಅರ್ಥವಾಯಿತು. ಎಲೆ ಹಾಕಿ ಕೂರಿಸಿ ಬಡಿಸದೇ ಇದ್ದರೆ ಯಾವ ನೆಂಟ ಮತ್ತೆ ಬರುತ್ತಾನೆ? ಒಬ್ಬೊಬ್ಬರಿಗೂ ಒಂದೊಂದು ಮಣೆ ಇಟ್ಟೆವು. ಕರೆದ ತಕ್ಷಣ ಬಂದು ಅವರವರ ಮಣೆಯ ಮೇಲೆ ಕೂರಬೇಕು. ಕೂತವರಿಗೆ ನನ್ನ ಕೈಯಿಂದ ದ್ರಾಕ್ಷಿ.

ಕಷ್ಟವಾದದ್ದು ನಾಲಿಗೆಗೆ. ಬೊಮ್ಮಣ್ಣ ಗೋಳಾಡುತ್ತಿದ್ದ. “ನನ್ನೆಂಡ್ರು ಬುತ್ತಿ ತಕಂಡು ಗೇಟ್ ತಾವ ನಿಂತವ್ಳೆ ಅಕ್ಕಾ. ಒಳಿಕ್ಕೆ ಕರೆಯೋದು ಹೆಂಗೆ? ‘ವಾ’ ಅಂದ್ರೆ ಯಾವಾಗ ಮಲಯಾಳಿ ಆದೆ ಅಂತ ಬಯ್ತಾಳೆ.”

“ಕೈ ಬೀಸಿ ಕರಿ.”

“ಕೈ ಬೀಸುದ್ರೆ ಹೊಡಿಯೋಕೆ ಬತ್ತಾವ್ನೆ ಅಂತ ಓಯ್ತಾಳೆ!”

ನವರಾತ್ರಿ ಕಳೆದ ವಾರ ದೊಡ್ಡ ಸಾರ್ ಬರುತ್ತಾರೆಂದು ಹೇಳಿಕಳಿಸಿದರು. ಹಿಂದಿನ ದಿನ ಉಪವಾಸವಿದ್ದೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಬೊಮ್ಮಣ್ಣ ಜಾರುಬಾಗಿಲಿನ ಹಗ್ಗ ಹಿಡಿದು ನಿಂತ. ಡಾಕ್ಟರಮ್ಮ ಮೆಲ್ಲಗೆ “ಯಾರೂ ಮಾತಾಡಬೇಡಿ” ಎಂದರು. ದೊಡ್ಡ ಸಾರ್ ಕೈಕಟ್ಟಿ ನಿಂತರು. ನಗು ಎಂಬುದು ಆ ಮುಖಕ್ಕೆ ಪರಿಚಯವೇ ಇಲ್ಲ ಅನ್ನಿಸುತ್ತಿತ್ತು.

ಬಾಗಿಲು ಮೇಲೆ ಸರಿಯಿತು. ಆಚೆ ಕಾಡು, ಹಸಿರು, ಮಂಜಿನ ಹನಿ. ಗೌರಿ ಮುಂದೆ ಬಂದು ಹೊಸ್ತಿಲ ಮೇಲೆ ನಿಂತಳು. ಒಂದು ಕೈ ಆಚೆ ಮಣ್ಣಿನ ಮೇಲಿಟ್ಟು ಬಾಲ ಎತ್ತಿದಳು. ಹಿಂದೆ ಉಳಿದವರೆಲ್ಲ ಸಾಲಾಗಿ. ನನ್ನ ಕಣ್ಣು ತುಂಬಿ ಬಂತು. ಹೊಸ್ತಿಲು ದಾಟುವವರನ್ನು ಕಂಡರೆ ನನ್ನ ಬಾಯಿಗೆ ಬರುವ ಮಾತು ಒಂದೇ. ಹುಟ್ಟಿದಾಗಿನಿಂದ ಯಾರಿಗೂ ಬರೀ ‘ಹೋಗು’ ಎಂದವಳಲ್ಲ ನಾನು.

“ಹೋಗ್ಬುಟ್ ಬಾ… ತಾಯಿ” ಎಂದುಬಿಟ್ಟೆ.

ಗೌರಿ ನಿಂತಳು. ತಿರುಗಿದಳು. ನೆಟ್ಟಗೆ ಒಳಗೆ ಬಂದು ತನ್ನ ಮಣೆಯ ಮೇಲೆ ಕೂತು ನನ್ನ ಕೈ ನೋಡಿದಳು. ಅವಳ ಹಿಂದೆ ಚಿನ್ನಿ, ಚಿನ್ನಿಯ ಹಿಂದೆ ಉಳಿದವರು, ಕೊನೆಗೆ ಭೀಮ. ಪಂಕ್ತಿ ಭರ್ತಿ.

“ಏನಿದು?” ಎಂದರು ದೊಡ್ಡ ಸಾರ್. “ಆಚೆ ಹೋಗಕ್ಕೇ ಹೆದರ್ತಾವಾ? ಹಾಗಾದ್ರೆ ಝೂಗೇ ಕಳಿಸಬಹುದಲ್ಲ.”

ಡಾಕ್ಟರಮ್ಮ ಹಣೆ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಹಗ್ಗ ಹಿಡಿದೇ ಬೊಮ್ಮಣ್ಣ ಬಿದ್ದು ಬಿದ್ದು ನಗತೊಡಗಿದ. “ಸಾರ್, ಅಕ್ಕ ಹೋಗು ಅಂತಾನೂ ಅಂದ್ಳು, ಬಾ ಅಂತಾನೂ ಅಂದ್ಳು. ಅವು ಯಾವುದ ಕೇಳ್ಬೇಕು? ದ್ರಾಕ್ಷಿ ಸಿಕ್ಕೋದ್ನೇ ಕೇಳುದ್ವು!”

ಡಾಕ್ಟರಮ್ಮ ‘ಬಾ’ ಎಂದರೇನು, ‘ಹೋಗಿ ಬಾ’ ಎಂದರೇನು, ಎಲ್ಲ ಬಿಡಿಸಿ ಹೇಳಿದರು. ದೊಡ್ಡ ಸಾರ್ ನನ್ನನ್ನೂ ಮಣೆಯ ಮೇಲೆ ಕೂತವರನ್ನೂ ಒಂದು ಸಲ ನೋಡಿದರು. ಅವರ ತುಟಿಯ ಒಂದು ಅಂಚು ಅಲುಗಿತು. “ನಮ್ಮಮ್ಮನೂ ಹಾಗೇ” ಎಂದರು. “ನಾನು ಅಂಗಡಿಗೆ ಹೊರಟರೂ ಪೋಯಿಟ್ಟು ವಾ ಅಂತಲೇ ಅನ್ನೋದು. ಸರಿ ಚೇಚೀ, ಈಗ ಬರೀ ಹೋಗು ಅನ್ನಿ.”

“ಅದೊಂದು ಮಾತ್ರ ಆಗಲ್ಲ ಸಾರ್.”

“ಯಾಕೆ?”

“ಹೋದ ವರ್ಷ ಹೋದವಳು ಬರಲಿಲ್ಲ. ಬಾಯಿ ಮುಚ್ಕೊಂಡು ಬೇಕಾದ್ರೆ ನಿಂತ್ಕೊತೀನಿ, ಆ ಮಾತು ಆಡಲ್ಲ.”

ಮೊದಲು ಕಾದಿದ್ದವರಿಗೆ ಒಂದೊಂದು ದ್ರಾಕ್ಷಿ ಕೊಟ್ಟೆ. ಕರೆದದ್ದು ನಾನೇ ತಾನೆ, ಸಾಹೇಬರು ಕಾಯಲಿ. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಗೋಡೆಗೆ ಒರಗಿದೆ. ಬಾಗಿಲು ಮತ್ತೆ ಸರಿಯಿತು. ಗೌರಿ ಹೊಸ್ತಿಲಲ್ಲಿ ನಿಂತು ಒಂದು ಸಲ ಹಿಂದೆ ನೋಡಿದಳು. ಆಮೇಲೆ ಒಂದೇ ನೆಗೆತ. ನಿಜವಾದ ಮರದ ತೊಗಟೆಗೆ ಅವಳ ಕೈ ತಾಗಿದ ಸದ್ದು ಕೇಳಿದೆ. ಐದು ಬಾಲಗಳು ಎಲೆಗಳ ನಡುವೆ ಮೇಲೆ ಮೇಲೆ ಹೋದವು. ಬಿಸಿಲು ಬೀಳುವ ಕೊಂಬೆಯೊಂದನ್ನು ಹುಡುಕಿ, ಅಲ್ಲಿ ಸಾಲಾಗಿ ಕೂತು, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡವು.

ಅರ್ಧ ಗೆದ್ದಂತಾಯಿತು. ಉಳಿದರ್ಧಕ್ಕೆ ದೇವರು ಬಹಳ ಹೊತ್ತು ಕಾಯಿಸಲಿಲ್ಲ. ಊಟ ಮುಗಿಯುವಷ್ಟರಲ್ಲಿ ಬ್ರಹ್ಮಗಿರಿಯ ಕಡೆ ಆಕಾಶ ಕಪ್ಪಾಯಿತು. ಗಾಳಿ ಎದ್ದಿತು. ಅದೇ ತುಲಾಮಳೆ. ಹೋದ ವರ್ಷ ಆ ಮಗುವನ್ನು ಕೊಂಡೊಯ್ದದ್ದು. ಡಾಕ್ಟರಮ್ಮ ನನ್ನ ಭುಜ ಮುಟ್ಟಿ “ಈಗ” ಎಂದರು.

ಬಾಗಿಲ ಬಳಿ ನಿಂತು ಕರೆದೆ. ಗಾಳಿ ನನ್ನ ದನಿಯನ್ನು ಹಿಂದಕ್ಕೇ ತಂದು ಎಸೆಯಿತು. ಮತ್ತೆ ಕರೆದೆ, ಹೊಟ್ಟೆಯ ಆಳದಿಂದ, “ಬಾ…” ಮೇಲೆ ಕೊಂಬೆ ಅಲುಗಿತು. ಮೊದಲು ಭೀಮ ಇಳಿದ, ಜೀವನದಲ್ಲಿ ಮೊದಲ ಸಲ ಮೊದಲಿಗನಾಗಿ. ಗುಡುಗು ಹೆದರಿಸಿತ್ತೋ ಏನೋ. ಹಿಂದೆ ಗೌರಿಯ ತಂಗಿ, ಇನ್ನೊಬ್ಬ ಗಂಡು, ಗೌರಿ. ಒಳಗೆ ಬಂದು ಮಣೆ ಸೇರಿದರು. ಚಿನ್ನಿ ಇಲ್ಲ.

ಕರೆದೆ. ಕರೆದೆ. ಗಂಟಲು ಹರಿಯಿತು. ದಪ್ಪ ಹನಿಯೊಂದು ಹೊಸ್ತಿಲ ಮೇಲೆ ಬಿತ್ತು. ದೊಡ್ಡ ಸಾರ್ ಕೈ ಸಡಿಲಿಸಿ ಒಂದು ಹೆಜ್ಜೆ ಮುಂದೆ ಬಂದಿದ್ದರು. ಗೌರಿಗೆ ದ್ರಾಕ್ಷಿ ಹಿಡಿದರೆ ಅವಳು ತೆಗೆದುಕೊಳ್ಳಲಿಲ್ಲ. ಮಣೆಯಿಂದ ಎದ್ದು ಹೊಸ್ತಿಲಿಗೆ ಬಂದು, ಕತ್ತು ಮೇಲೆತ್ತಿ, ಬಾಯನ್ನು ಗುಂಡಗೆ ಮಾಡಿ ಒಂದು ಕೂಗು ಹಾಕಿದಳು. ಬೆಕ್ಕು ಕೂಗಿದ ಹಾಗೆ ಶುರುವಾಗಿ ಉದ್ದಕ್ಕೆ ಅಳುವ ಹಾಗೆ ಎಳೆಯಿತು ಅದು. ನಾನು 'ಬಾ' ಎಂದೆ, ಅವಳು ಅವಳ ಮಾತಿನಲ್ಲಿ ಅದನ್ನೇ ಅಂದಳು. ಎತ್ತರದ ಮತ್ತಿಮರದಿಂದ ಸಣ್ಣದೊಂದು ದನಿ ಓಗೊಟ್ಟಿತು. ಎಲೆಗಳ ನಡುವಿನಿಂದ ಪಟ್ಟೆಬಾಲವೊಂದು ಬಿದ್ದಂತೆಯೇ ಇಳಿಯಿತು. ನೆಲದ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ಚಿನ್ನಿ ಬಂದು ತಾಯಿಯ ಹೊಟ್ಟೆಗೆ ಡಿಕ್ಕಿ ಹೊಡೆದಳು. ಬೊಮ್ಮಣ್ಣ ಹಗ್ಗ ಬಿಟ್ಟ. ಬಾಗಿಲು ಕೆಳಗೆ ಬಿತ್ತು. ಮಳೆಯೂ ಬಿತ್ತು, ತಗಡಿನ ಮೇಲೆ, ಮಾತು ಕೇಳದ ಹಾಗೆ.

ಸದ್ದು ಕಡಿಮೆಯಾದ ಮೇಲೆ ದೊಡ್ಡ ಸಾರ್ ಹೇಳಿದರು: “ಈ ವರ್ಷ ಬಿಡಿ. ಆದರೆ ಡಾಕ್ಟರೇ, ಈ ಚೇಚಿಗೆ ಜ್ವರ ಬಂದ್ರೆ? ತವರಿಗೆ ಹೋದ್ರೆ? ಐದೂ ಮರದ ಮೇಲೇ ಇರಬೇಕಾ? ಮಳೆಗಾಲಕ್ಕೆ ಒಳಗೆ ಸೇರಿಸೋ ಹೊತ್ತಿಗೆ ಬೇರೆಯವರು ಕರೆದ್ರೂ ಬರಬೇಕು. ಆವಾಗ ಝೂ ಮಾತು ಪೂರ್ತಿ ಬಿಟ್ಟುಬಿಡ್ತೀನಿ.”

ಖುಷಿಯ ನಡುವೆಯೂ ಆ ಮಾತು ಸಣ್ಣ ಮುಳ್ಳಿನ ಹಾಗೆ ಚುಚ್ಚಿತು. ನ್ಯಾಯದ ಮಾತು, ಅದಕ್ಕೇ ಚುಚ್ಚಿದ್ದು.

ಆ ಬೇಸಿಗೆಯಷ್ಟು ಒಳ್ಳೆಯ ದಿನಗಳನ್ನು ದೇವರು ನನಗೆ ಇನ್ಯಾವಾಗ ಕೊಟ್ಟ? ಬೆಳಿಗ್ಗೆ ಬಾಗಿಲು ತೆಗೆಯುವಾಗ ಬಾಯಿಗೆ ಸೆರಗು. ಮನಸ್ಸಿನಲ್ಲಿ ಮಾತ್ರ ಹೋಗಿ ಬಾ, ಅದು ಅವುಗಳಿಗೆ ಕೇಳಿಸದು. ಕಾಫಿ ಹೂ ಬಿಟ್ಟ ದಿನಗಳಲ್ಲಿ ಶೆಲ್ಟರಿನವರೆಗೂ ಘಮ. ಭೀಮ ಅತ್ತಿಹಣ್ಣು ಕಂಡುಕೊಂಡ. ಚಿನ್ನಿಯ ಮೈ ಕೂದಲು ಮಿಂಚತೊಡಗಿತು. ಯಾರಿಗೂ ಕೆಮ್ಮಿಲ್ಲ, ಗಾಯವಿಲ್ಲ. ಸಂಜೆ ಮನೆಗೆ ಬಂದು ದೀಪ ಹಚ್ಚುವಾಗ ಕೇಳಿಕೊಳ್ಳಲು ಏನೂ ಇರುತ್ತಿರಲಿಲ್ಲ, ಹೇಳಿಕೊಳ್ಳುವುದೇ ಇರುತ್ತಿತ್ತು.

ಬಿಸಿಲು ಜೋರಾದ ಕಾಲಕ್ಕೆ ಲಿಸ್ಸಿ ಕೆಲಸಕ್ಕೆ ಮರಳಿದಳು, ಮಗುವನ್ನು ಅಮ್ಮನ ಹತ್ತಿರ ಬಿಟ್ಟು. ಬೇರೆಯವರು ಎಂದರೆ ಇನ್ನು ಅವಳೇ. ನಾನು ಕಲಿಸಬೇಕು, ಅವಳು ಕಲಿಯಬೇಕು. ಮೊದಲ ದಿನ ಅವಳು “ಬಾ!” ಎಂದಳು, ಬಸ್ಸಿನ ಕಿಟಕಿಯಿಂದ ಯಾರನ್ನೋ ಕೂಗಿದ ಹಾಗೆ. ಐವರೂ ಅವಳನ್ನು ನೋಡಿ, ನನ್ನನ್ನು ನೋಡಿ, ಎಲೆ ತಿನ್ನುವುದು ಮುಂದುವರಿಸಿದರು. ನನ್ನ ಮುಖದಲ್ಲಿ ಏನಿತ್ತೋ, ಬೊಮ್ಮಣ್ಣ ಬಿಡಲಿಲ್ಲ.

“ನೋಡು ನೋಡು ಅಕ್ಕನ ಮುಖವ. ಸೊಸೆ ಮಾಡಿದ್ ಸಾರು ಉಪ್ಪಾದಂಗೆ ಅದೆ!”

“ಸುಮ್ನಿರೋ” ಎಂದೆ. ಆದರೆ ಅವನ ಮಾತು ನಾಟಿತು. ಝೂನ ಕಂಬಿ ಕಣ್ಣ ಮುಂದೆ ಬಂತು. “ಲಿಸ್ಸೀ, ಹಂಗಲ್ಲ. ನಿನ್ನ ಮಗು ಅಂಬೆಗಾಲಿಟ್ಟು ಬಾಗಿಲವರೆಗೂ ಹೋಗಿದೆ ಅಂದ್ಕೋ. ಬಯ್ಯಬಾರದು, ಹೆದರಿಸಬಾರದು, ಆದ್ರೆ ಬರಬೇಕು. ಹೆಂಗೆ ಕರೀತೀಯ?”

ಅವಳು ಮಂಡಿಯೂರಿ ಕೈ ಚಾಚಿದಳು. ಆಮೇಲೆ ಎಳೆದಳು, “ಬಾ…” ರಾಗ ಬಂತು. ದಿನಾ ಅವಳು ಕರೆಯುವುದು, ದ್ರಾಕ್ಷಿ ಅವಳ ಕೈಯಿಂದ. ಡಾಕ್ಟರಮ್ಮ ಹೇಳಿದಂತೆ ನಾನು ದಿನಕ್ಕಿಷ್ಟು ಹಿಂದೆ ಸರಿಯುವುದು. ಮೊದಲು ಅವಳ ಪಕ್ಕ, ಆಮೇಲೆ ಗೋಡೆಯ ಹತ್ತಿರ, ಆಮೇಲೆ ಬಾಗಿಲಾಚೆ. ಕೆಲವು ದಿನ ಬಂದವು, ಕೆಲವು ದಿನ ಗೌರಿ ನಾನೆಲ್ಲಿ ಎಂದು ಹುಡುಕಿ ನಿಂತಳು. ಅಂಥ ದಿನ ದೇವರ ಮುಂದೆ ಇನ್ನೊಂದು ಬತ್ತಿ ಹೆಚ್ಚು ಹಚ್ಚುತ್ತಿದ್ದೆ.

ಜೂನಿನ ಮಳೆ ಇನ್ನೇನು ಎಂಬಂತಿದ್ದ ಒಂದು ಸಂಜೆ ದೊಡ್ಡ ಸಾರ್ ಮತ್ತೆ ಬಂದರು. ಆ ವರ್ಷದ ಕೊನೆಯ ಕರೆ ಅದು. ಅದಾದ ಮೇಲೆ ಮಳೆ ಮುಗಿಯುವವರೆಗೆ ಒಳಗೇ. ಡಾಕ್ಟರಮ್ಮ ನನ್ನನ್ನು ಅಡಿಗೆಮನೆಗೆ ಕಳಿಸಿದರು. ಕಾಣಬಾರದು, ಕೆಮ್ಮಬಾರದು. ಹೋಗಿ ಗೆಣಸು ಹೆಚ್ಚಲು ಕೂತೆ. ಚಾಕು ಗೆಣಸಿನ ಮೇಲೆ ಇಟ್ಟದ್ದು ಹಾಗೇ ಉಳಿಯಿತು.

ಗೋಡೆಯಾಚೆಯಿಂದ ಲಿಸ್ಸಿಯ ದನಿ ಬಂತು. “ಬಾ…”

ಏನೂ ಇಲ್ಲ. ಒಂದು ಗಾಳಿ, ಒಂದು ಹಕ್ಕಿ. ನನ್ನ ಗಂಟಲಿಗೆ ಆ ಅಕ್ಷರ ಬಂದು ಕೂತಿತ್ತು. ತುಟಿ ಕಚ್ಚಿ ಹಿಡಿದೆ. ನಾನು ಕೂಗಿದರೆ ಈ ಕ್ಷಣವೇ ಬರುತ್ತವೆ, ಕೂಗಿದರೆ ಮುಂದಿನ ವರ್ಷ ಕಾಡಿಲ್ಲ.

“ಬಾ…” ಇನ್ನೊಂದು ಸಲ. ಅವಳ ದನಿ ನಡುಗಲಿಲ್ಲ, ಹೊಗಳಬೇಕು.

ಟಕ್ ಎಂದಿತು ಒಂದು ಮಣೆ. ಮೈ ಹಗುರಾದವಳು ಕೂತ ಸದ್ದು. ಮತ್ತೊಂದು. ಎರಡು ಒಟ್ಟಿಗೆ. ಆಮೇಲೆ ದೊಪ್ಪನೆ ಒಂದು, ಅದು ಭೀಮನಲ್ಲದೆ ಇನ್ನಾರೂ ಅಲ್ಲ. ಹಗ್ಗ ಸರ್ರೆಂದಿತು. ಬಾಗಿಲು ಬಿತ್ತು.

“ಅಕ್ಕೋ, ಎಲ್ಲಾ ಬಂದ್ವು!” ಎಂದು ಕೂಗಿದ ಬೊಮ್ಮಣ್ಣ.

ಕೈ ಒರೆಸಿಕೊಂಡು ಹೋಗಿ ಬಾಗಿಲ ಸಂದಿಯಲ್ಲಿ ನಿಂತೆ. ದೊಡ್ಡ ಸಾರ್ ಡಾಕ್ಟರಮ್ಮನಿಗೆ ಮುಂದಿನ ವರ್ಷ ಬೇಲಿಯನ್ನು ಇನ್ನೂ ಆಚೆಗೆ ಹಾಕಿಸುವ ಮಾತು ಆಡುತ್ತಿದ್ದರು. ಐವರೂ ಮಣೆಗಳ ಮೇಲಿದ್ದರು. ಗೌರಿ ನನ್ನ ಕಡೆ ತಿರುಗಲಿಲ್ಲ. ಲಿಸ್ಸಿಯ ಕೈಯನ್ನೇ ನೋಡುತ್ತಾ ಕೂತಿದ್ದಳು, ಎಲ್ಲ ಮರೆತು. ಡಾಕ್ಟರಮ್ಮ ನನ್ನ ಕಣ್ಣು ನೋಡಿ ಹತ್ತಿರ ಬಂದು, “ಬೇಜಾರಾಯ್ತಾ ಚೇಚೀ?” ಎಂದರು.

“ಇಲ್ಲ ಡಾಕ್ಟರಮ್ಮ” ಎಂದೆ. “ನನ್ನ ಕಡೆ ನೋಡಲಿಲ್ಲ ನೋಡಿ. ಇದಕ್ಕೇ ಅಲ್ವಾ ಇಷ್ಟು ದಿನ ಕಲಿಸಿದ್ದು?”